ನಕಲು ಬೇರೆ, ನಕಲಿ ಬೇರೆ: ಓಲೆಗರಿಯಿಂದ ವಾಟ್ಸಾಪ್‌ವರೆಗೆ ತಡೆಯುವ ಕಾನೂನುಗಳ ಕಥೆ

ತಾಲ್ಲೂಕು ಕಚೇರಿಗೆ ಅಲೆದವರಿಗೆ 'ನಕಲು' ಅನ್ನುವ ಮಾತು ಚೆನ್ನಾಗಿ ಗೊತ್ತು. ಹಳೇ ಪಹಣಿ ಬೇಕು, ಮ್ಯುಟೇಷನ್ ಪ್ರತಿ ಬೇಕು ಅಂದರೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ನಕಲು ಪಡೆಯುತ್ತೇವೆ. ಮೊಹರು ಬಿದ್ದರೆ ಆ ಪ್ರತಿಗೂ ಅಸಲಿನಷ್ಟೇ ಬೆಲೆ. ಅದೇ ಪದದ ಕೊಂಬು ತೆಗೆದು ಗುಡಿಸು ಹಾಕಿದರೆ 'ನಕಲಿ' ಆಗುತ್ತದೆ. ನಕಲಿ ಬೀಜ, ನಕಲಿ ಗೊಬ್ಬರ, ನಕಲಿ ಡಾಕ್ಟರ್. ಒಂದು ನಮ್ಮ ಹಕ್ಕು, ಇನ್ನೊಂದು ನಮಗೆ ಆಗುವ ಮೋಸ.

ಇಂಟರ್‌ನೆಟ್ ಮೇಲೆ ಬಂದಿರುವ, ಬರಲಿರುವ ಕಾನೂನುಗಳ ಗೊಂದಲವೆಲ್ಲ ಈ ಒಂದು ಕೊಂಬು, ಒಂದು ಗುಡಿಸಿನ ನಡುವೆಯೇ ಇದೆ. ಸಿನಿಮಾ ಕದ್ದು ದುಡ್ಡು ಮಾಡುವವನನ್ನು ಹಿಡಿಯಬೇಕು, ಸರಿ. ಸುಳ್ಳು ಸುದ್ದಿ ಹಬ್ಬಿಸಿ ಊರಿಗೆ ಬೆಂಕಿ ಇಡುವವನನ್ನು ಹಿಡಿಯಬೇಕು, ಅದೂ ಸರಿ. ಆದರೆ ಯಾವುದು ನಕಲು, ಯಾವುದು ನಕಲಿ ಅಂತ ತೀರ್ಮಾನ ಮಾಡುವವರು ಯಾರು? ತೀರ್ಮಾನ ಮಾಡಿದ ಮೇಲೆ ಕಾರಣವನ್ನು ನಮಗೆ ಹೇಳುತ್ತಾರೋ ಇಲ್ಲವೋ?

2025ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡೊಂದು ಹೊರಬಂದಾಗ ಬೆಂಗಳೂರಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಸಿರಿಗೆರೆ, ಭರಮಸಾಗರ, ಹೊಳಲ್ಕೆರೆ, ಹೊಸದುರ್ಗದ ಕಡೆ ಅದು ಪತ್ರಿಕೆಯ ಒಳಪುಟದ ಸುದ್ದಿಯಾಗಿ ಮುಗಿಯಿತು. ಆದರೆ ಮೊಬೈಲ್ ಈಗ ಹೊಲದ ಬದುವಿನ ಮೇಲೂ ಇದೆ, ಕಾನೂನು ಬಂದರೆ ಅದು ನಮ್ಮ ಜೇಬಿಗೇ ಬರುತ್ತದೆ. ಅದಕ್ಕೇ ಈ ವಿಷಯದ ಹಿಂದಿನ ಕಥೆಯನ್ನು ನಮಗೆ ತಿಳಿದಷ್ಟು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ನಕಲು ಮಾಡಿದ್ದಕ್ಕೇ ಉಳಿದ ವಚನ

ಮೊದಲು ನಮ್ಮ ಮನೆ ಮಾತಿನಿಂದಲೇ ಶುರು ಮಾಡೋಣ. 12ನೇ ಶತಮಾನದ ವಚನಗಳು ಇವತ್ತಿಗೂ ನಮ್ಮ ಬಾಯಲ್ಲಿ ಇವೆ ಅಂದರೆ ಅದಕ್ಕೆ ಕಾರಣ ನಕಲು ಮಾಡಿದವರು. ಕಲ್ಯಾಣದ ಗಲಭೆಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ನಡೆದರು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆಮೇಲೆ ನೂರಾರು ವರ್ಷ ಮಠಗಳಲ್ಲಿ, ಮನೆಗಳಲ್ಲಿ ಒಂದು ಓಲೆಗರಿಯಿಂದ ಇನ್ನೊಂದು ಓಲೆಗರಿಗೆ ಅವನ್ನು ಇಳಿಸಿದವರ ಹೆಸರು ಹೆಚ್ಚಿನ ಪಾಲು ನಮಗೆ ಗೊತ್ತಿಲ್ಲ. ಗರಿ ಹುಳು ಹಿಡಿಯುವ ವಸ್ತು, ಪ್ರತಿ ಮಾಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಈ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಆಮೇಲೆ ಇದ್ದ ಮನೆಯನ್ನೂ ಮಾರಿ ಸ್ವಂತ ಅಚ್ಚುಕೂಟ ಹಾಕಿದರು. 'ಶಿವಾನುಭವ' ಪತ್ರಿಕೆ ನಡೆಸಿದರು. ಅವರು ತೀರಿಕೊಂಡದ್ದು 1964ರಲ್ಲಿ. ನಮ್ಮ ದೇಶದ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಾಗಾಗಿ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸ್ವತ್ತಾಗಿವೆ. ಯಾರು ಬೇಕಾದರೂ ಅಚ್ಚು ಹಾಕಬಹುದು, ಮೊಬೈಲಿಗೆ ಹಾಕಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಸಿರಿಗೆರೆಯ ಪಾಲೂ ಈ ಕಥೆಯಲ್ಲಿದೆ. ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣವನ್ನು ಕಂಪ್ಯೂಟರಿಗೆ ಅಳವಡಿಸಿ 'ಗಣಕಾಷ್ಟಾಧ್ಯಾಯಿ' ರೂಪಿಸಿದವರು. ಅವರ ಮಾರ್ಗದರ್ಶನದಲ್ಲೇ ಸಾವಿರಾರು ವಚನಗಳು ಇಂಟರ್‌ನೆಟ್ಟಿಗೂ ಬಂದವು. ಒಂದು ಪದ ಟೈಪ್ ಮಾಡಿದರೆ ಆ ಪದ ಇರುವ ವಚನಗಳು ಮೊಬೈಲಿನಲ್ಲಿ ತೆರೆದುಕೊಳ್ಳುತ್ತವೆ, ದುಡ್ಡಿಲ್ಲದೆ. ಓಲೆಗರಿಯವರು ಮಾಡಿದ ಕೆಲಸವನ್ನೇ ಈಗ ಕಂಪ್ಯೂಟರ್ ಮಾಡುತ್ತಿದೆ. ನಕಲು ಅಂದ ಕೂಡಲೇ ಕಳ್ಳತನ ಅನ್ನುವವರಿಗೆ ನಮ್ಮ ಊರಿನಿಂದ ಕೊಡಬಹುದಾದ ಮೊದಲ ಉತ್ತರ ಇದು.

ದೊರೆಗಳಿಗೆ ಹೆದರಿಕೆ ಬಂದಾಗ

ಇನ್ನು ತಡೆಯುವವರ ಕಥೆ. ಬ್ರಿಟಿಷರು 1876ರಲ್ಲಿ ನಾಟಕಗಳನ್ನು ನಿಷೇಧಿಸುವ ಕಾನೂನು ತಂದರು. ಕೋಲ್ಕತ್ತದ ರಂಗಮಂದಿರಗಳಲ್ಲಿ ಸರ್ಕಾರವನ್ನು ಅಣಕಿಸುವ ನಾಟಕಗಳು ಆಡುತ್ತಿದ್ದದ್ದು ಅವರಿಗೆ ಸಹಿಸಲಿಲ್ಲ. ಎರಡೇ ವರ್ಷಕ್ಕೆ, 1878ರಲ್ಲಿ, ದೇಶಭಾಷೆಯ ಪತ್ರಿಕೆಗಳ ಮೇಲೆ ಇನ್ನೊಂದು ಕಾನೂನು. ಗಮನಿಸಿ, ಅದು ಇಂಗ್ಲಿಷ್ ಪತ್ರಿಕೆಗಳಿಗೆ ಅನ್ವಯಿಸುತ್ತಿರಲಿಲ್ಲ. ಹಳ್ಳಿಯವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದರೆ ಮಾತ್ರ ಅಪಾಯ ಅಂತ ಅವರ ಲೆಕ್ಕ. ಮ್ಯಾಜಿಸ್ಟ್ರೇಟ್ ಹೇಳಿದ್ದೇ ಕೊನೆ, ಕೋರ್ಟಿಗೆ ಹೋಗುವಂತಿರಲಿಲ್ಲ. ಬಂಗಾಳದ 'ಅಮೃತ ಬಜಾರ್ ಪತ್ರಿಕಾ' ಈ ಕಾನೂನಿನಿಂದ ತಪ್ಪಿಸಿಕೊಳ್ಳಲು ರಾತ್ರೋರಾತ್ರಿ ಇಂಗ್ಲಿಷ್ ಪತ್ರಿಕೆಯಾಗಿಬಿಟ್ಟಿತು. 1882ರಲ್ಲಿ ರಿಪ್ಪನ್ ಸಾಹೇಬರ ಕಾಲಕ್ಕೆ ಅದು ರದ್ದಾಯಿತು.

ನಮ್ಮ ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಪತ್ರಿಕಾ ಕಾಯಿದೆ ಬಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೂ ಪಡೆಯಬಹುದು. ಜನ ಪ್ರೀತಿಯಿಂದ 'ತಾತಯ್ಯ' ಅಂತ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಈ ಕಾಯಿದೆಯನ್ನು ವಿರೋಧಿಸಿ, ತಲೆಬಾಗಿ ಅನುಮತಿ ಕೇಳುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಗಾಂಧೀಜಿಯ ಒಂದು ಪುಸ್ತಕದಲ್ಲಿ ನಕಲು, ನಿಷೇಧ ಎರಡೂ ಕೂಡಿ ಬರುತ್ತವೆ. 'ಹಿಂದ್ ಸ್ವರಾಜ್' ಗುಜರಾತಿಯಲ್ಲಿ ಬಂದ ಕೂಡಲೇ, 1910ರಲ್ಲಿ, ಮುಂಬೈ ಸರ್ಕಾರ ಅದನ್ನು ನಿಷೇಧಿಸಿತು. ಗಾಂಧೀಜಿ ಅದೇ ವರ್ಷ ಇಂಗ್ಲಿಷ್ ಅನುವಾದ ತಂದು, ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲ ಅಂತ ಅದರ ಮೇಲೆ ಅಚ್ಚು ಹಾಕಿಸಿದರು. ಬೇಕಾದವರು ಬೇಕಾದಷ್ಟು ನಕಲು ಮಾಡಿಕೊಳ್ಳಿ ಅಂತ ಅರ್ಥ. 1919ರ ಏಪ್ರಿಲ್‌ನಲ್ಲಿ ರೌಲಟ್ ಕಾಯ್ದೆ ವಿರೋಧಿಸಿ ನಡೆದ ಸತ್ಯಾಗ್ರಹದಲ್ಲಿ ಅದೇ ನಿಷೇಧಿತ ಪುಸ್ತಕವನ್ನು ಮುಂಬೈ ಬೀದಿಯಲ್ಲಿ ನಿಂತು ಮಾರಿದರು. ನಿಷೇಧಿಸಿದ ಪುಸ್ತಕ ಉಳಿಯಿತು, ನಿಷೇಧಿಸಿದವರು ಊರಿಗೆ ಹೋದರು.

ಸ್ವಾತಂತ್ರ್ಯ ಬಂದ ಮೇಲೂ ಈ ಚಾಳಿ ಬಿಡಲಿಲ್ಲ. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ 'ಸಂಸ್ಕಾರ' ಸಿನಿಮಾಕ್ಕೆ ಮದ್ರಾಸಿನ ಸೆನ್ಸಾರ್ ಕಚೇರಿ ಮೊದಲು ಅನುಮತಿ ನಿರಾಕರಿಸಿತ್ತು. ಆಮೇಲೆ ಬಿಡುಗಡೆಯಾಗಿ 1970ರ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು, ಆ ಗೌರವ ಪಡೆದ ಮೊದಲ ಕನ್ನಡ ಸಿನಿಮಾ ಅದು. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿದರು. ಕಾಯಿಲೆ ಉಲ್ಬಣಿಸಿ ಹೊರಬಿಟ್ಟ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಕಾಲದಲ್ಲಿ ಪತ್ರಿಕೆಗಳು ಸುದ್ದಿಯನ್ನು ಮೊದಲು ಅಧಿಕಾರಿಗೆ ತೋರಿಸಿ ಆಮೇಲೆ ಅಚ್ಚು ಹಾಕಬೇಕಿತ್ತು.

ಕೃತಿಸ್ವಾಮ್ಯ ಅಂದರೆ ಏನು, ನಮಗೆ ಉಳಿದದ್ದು ಏನು

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಬರೆದವನಿಗೆ, ಹಾಡಿದವನಿಗೆ, ಸಿನಿಮಾ ಮಾಡಿದವನಿಗೆ ಹೊಟ್ಟೆ ಇದೆ. ನಾವು ಬಿಸಿಲಲ್ಲಿ ಹೋಗಿ ತೆಗೆದ ಫೋಟೊ ಮರುದಿನ ಯಾರದೋ ಚಾನೆಲ್ಲಿನ ಹೆಸರು ಹೊತ್ತು ನಮ್ಮದೇ ಮೊಬೈಲಿಗೆ ವಾಪಸು ಬಂದಾಗ ಆಗುವ ಸಂಕಟ ನಮಗೂ ಗೊತ್ತು. ಬೆಳೆಗೆ ಬೇಲಿ ಬೇಕು.

ನಮ್ಮ ಬೇಲಿ 1957ರ ಕೃತಿಸ್ವಾಮ್ಯ ಕಾಯ್ದೆ. ಮೊದಲು ಲೇಖಕ ತೀರಿಕೊಂಡ ಮೇಲೆ 50 ವರ್ಷ ಇತ್ತು. ಟ್ಯಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ, 1992ರಲ್ಲಿ, ಅದನ್ನು 60ಕ್ಕೆ ಏರಿಸಿದರು. ನಮ್ಮ ಜಿಲ್ಲೆಯ ಲೆಕ್ಕದಲ್ಲೇ ಹೇಳುವುದಾದರೆ, ತಳುಕಿನ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. 'ದುರ್ಗಾಸ್ತಮಾನ'ದ ಮೇಲಿನ ಹಕ್ಕು 2044ರ ಕೊನೆಯವರೆಗೂ ಇದೆ. ಅಲ್ಲಿಯವರೆಗೆ ಇಡೀ ಪುಸ್ತಕದ ಪಿಡಿಎಫ್ ಮಾಡಿ ಗುಂಪುಗಳಿಗೆ ಹಂಚುವುದು ತಪ್ಪು. ಸಿನಿಮಾಕ್ಕೆ ಬಿಡುಗಡೆಯಾದ ವರ್ಷದಿಂದ ಲೆಕ್ಕ. ದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ, 1972ರಲ್ಲಿ ತೆರೆಗೆ ಬಂದ 'ನಾಗರಹಾವು' 2032ರ ಕೊನೆಯವರೆಗೆ ಮಾಲೀಕರದ್ದು.

ಆದರೆ ಅದೇ ಕಾಯ್ದೆಯ 52ನೇ ಕಲಂ ಬೇಲಿಯಲ್ಲಿ ನಮಗಾಗಿ ಕೆಲವು ಉಣುಗೋಲು ಇಟ್ಟಿದೆ. ಇದು ಹಳ್ಳಿಯವರು ತಿಳಿದಿರಲೇಬೇಕಾದ ಭಾಗ.

ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ, ಸುದ್ದಿ ಬರೆಯುವುದಕ್ಕೆ ಒಂದಿಷ್ಟು ಭಾಗವನ್ನು ನ್ಯಾಯವಾಗಿ ಬಳಸಿಕೊಳ್ಳಬಹುದು. ಊರಿನ ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ನಾಟಕ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ಜಾತ್ರೆಯ ನಾಟಕಗಳಿಗೆ ಇದೇ ಆಧಾರ. ಮದುವೆಯಲ್ಲಿ, ಮೆರವಣಿಗೆಯಲ್ಲಿ, ಪೂಜೆಯಲ್ಲಿ ಹಾಡು ಹಾಕಿದರೂ ಹಾಗೇ. ಮದುವೆ ಮನೆಯ ಹಾಡಿಗೆ ರಾಯಲ್ಟಿ ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಪ್ರಕಟಣೆಯನ್ನೇ ಹೊರಡಿಸಿದೆ.

ಇಲ್ಲೊಂದು ಸೂಕ್ಷ್ಮ ಇದೆ. ನಾಟಕ ಆಡುವುದಕ್ಕೆ ಇರುವ ಈ ವಿನಾಯಿತಿ ಅದನ್ನು ಯೂಟ್ಯೂಬಿಗೆ ಹಾಕುವುದಕ್ಕೆ ತಾನಾಗಿ ಬರುವುದಿಲ್ಲ. ತೇರಿನ ವಿಡಿಯೊ ಹಾಕಿದಾಗ ಹಿಂದೆ ಮೈಕಿನಲ್ಲಿ ಕೇಳಿಸಿದ ಸಿನಿಮಾ ಹಾಡನ್ನು ಅಲ್ಲಿನ ಯಂತ್ರವೇ ಗುರುತಿಸಿ ಮಾಲೀಕರಿಗೆ ತಿಳಿಸುತ್ತದೆ. ಆಮೇಲೆ ಧ್ವನಿ ಹೋಗಬಹುದು, ಅಥವಾ ಜಾಹೀರಾತಿನ ದುಡ್ಡು ಹಾಡಿನ ಕಂಪನಿಗೆ ಹೋಗಬಹುದು. ಯಂತ್ರಕ್ಕೆ ತೇರೂ ಗೊತ್ತಿಲ್ಲ, 52ನೇ ಕಲಮೂ ಗೊತ್ತಿಲ್ಲ. ಆಕ್ಷೇಪಣೆ ಸಲ್ಲಿಸುವ ಗುಂಡಿ ಇದೆ, ಆದರೆ ಅದು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ. ನಮ್ಮ ದೇಶದ ನಿಯಮ ಇದಕ್ಕಿಂತ ಸ್ವಲ್ಪ ಮೇಲು. ಮಾಲೀಕ ಬರಹದಲ್ಲಿ ದೂರು ಕೊಟ್ಟರೆ ಜಾಲತಾಣ ಅದನ್ನು ತಡೆಹಿಡಿಯಬೇಕು. ಆದರೆ 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅಂದರೆ ದೂರು ಕೊಟ್ಟವನ ಮೇಲೂ ಸ್ವಲ್ಪ ಭಾರ ಇದೆ.

ಕ್ಯಾಸೆಟ್ಟಿನಿಂದ ಗೂಂಡಾ ಕಾಯ್ದೆಗೆ

ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್, ವಿಸಿಆರ್ ಬಂದವು. ಒಂದು ಕ್ಯಾಸೆಟ್ಟಿನಿಂದ ಹತ್ತು ಕ್ಯಾಸೆಟ್ ಮಾಡುವುದು ಸುಲಭವಾಯಿತು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸಿದರು. ಈಗ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಜಾಮೀನು ರಹಿತ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು.

ಇಷ್ಟು ಸಾಲದು ಅಂತ ರಾಜ್ಯಗಳು ಗೂಂಡಾ ಕಾಯ್ದೆಯನ್ನು ಕೈಗೆತ್ತಿಕೊಂಡವು. ತಮಿಳುನಾಡು 2004ರಲ್ಲಿ ವಿಡಿಯೊ ಕಳ್ಳರನ್ನು ಗೂಂಡಾಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯದ್ದು 1985ರ ಕಾಯ್ದೆ, ಕಳ್ಳಭಟ್ಟಿ ಮಾರುವವರು, ಜೂಜುಕೋರರು, ರೌಡಿಗಳನ್ನು ಮುಂಜಾಗ್ರತೆಯಾಗಿ ಹಿಡಿದಿಡಲು ಮಾಡಿದ್ದು. 2014ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಆಸಿಡ್ ದಾಳಿಕೋರರು, ಭೂಗಳ್ಳರ ಜೊತೆಗೆ 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗವೂ ಸೇರಿತು. ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್‌ನ ಕೃತಿಸ್ವಾಮ್ಯವನ್ನು ವ್ಯಾಪಾರದ ಉದ್ದೇಶಕ್ಕೆ ಬೇಕೆಂದೇ ಮುರಿದವರು ಇದರಲ್ಲಿ ಬರುತ್ತಾರೆ.

ಈ ಕಾಯ್ದೆಯ ವಿಶೇಷ ಏನೆಂದರೆ, ವಿಚಾರಣೆ ನಡೆದು ತಪ್ಪು ಸಾಬೀತಾಗಬೇಕೆಂದಿಲ್ಲ. ಸಲಹಾ ಮಂಡಳಿ ಒಪ್ಪಿದರೆ ಒಂದು ವರ್ಷದವರೆಗೆ ಒಳಗಿಡಬಹುದು. ಆ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಂಡು ವಾದಿಸುವ ಹಕ್ಕೂ ಇಲ್ಲ.

ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಇಂಟರ್‌ನೆಟ್ ದುಬಾರಿಯಾಗಿದ್ದ ಕಾಲದಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಳ್ಳದ ಹುಡುಗರು ಇದ್ದರೇ? ದುಡ್ಡು ಪಡೆದು ತುಂಬಿದ್ದೂ ವ್ಯಾಪಾರವೇ. ಆ ಅಂಗಡಿಯವನು ಮಾಡಿದ್ದು ಸರಿ ಅಂತ ನಾವು ಹೇಳುವುದಿಲ್ಲ. ಅವನಿಗೆ ದಂಡ ಹಾಕಲು ಕೃತಿಸ್ವಾಮ್ಯ ಕಾಯ್ದೆಯೇ ಸಾಕಿತ್ತು. ಅವನನ್ನೂ ಆಸಿಡ್ ಎರಚುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಯಾವ ನ್ಯಾಯ? ಇಲಿ ಹೊಕ್ಕಿತು ಅಂತ ಮನೆಗೇ ಬೆಂಕಿ ಇಟ್ಟ ಹಾಗಾಗುತ್ತದೆ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೂ ತಿದ್ದುಪಡಿ ಬಂದಿದೆ. ಥಿಯೇಟರಿನಲ್ಲಿ ಕೂತು ಸಿನಿಮಾವನ್ನು ಅಥವಾ ಅದರ ಭಾಗವನ್ನು ಕದ್ದು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಸಿನಿಮಾ ತಯಾರಿಕೆಯ ಖರ್ಚಿನ ನೂರಕ್ಕೆ 5ರವರೆಗೆ ಹೋಗಬಹುದು. ಹೀರೋ ಎಂಟ್ರಿಯನ್ನು ಸ್ಟೇಟಸ್‌ಗೆ ಹಾಕುವ ಹುಡುಗರಿಗೆ ಮನೆಯವರು ಈ ಮಾತು ಹೇಳಿಡುವುದು ಒಳ್ಳೆಯದು.

ಅಶೋಕ್ ಕುಮಾರ್ ಎಂಬ ಅನಾಮಧೇಯ

ಕಳ್ಳನನ್ನು ಹಿಡಿಯಲು ಹೋಗಿ ಊರಿಗೇ ಬೀಗ ಹಾಕಿದ ಒಂದು ಪ್ರಸಂಗ 2012ರಲ್ಲಿ ನಡೆಯಿತು. ತಮಿಳಿನ '3', ತೆಲುಗಿನ 'ದಮ್ಮು' ಎಂಬ ಎರಡು ಸಿನಿಮಾ ಉಳಿಸಿಕೊಳ್ಳಲು ಮದ್ರಾಸ್ ಹೈಕೋರ್ಟಿನಿಂದ ಒಂದು ಆದೇಶ ತಂದರು. ಯಾರು ಕದಿಯುತ್ತಾರೋ ಗೊತ್ತಿಲ್ಲದ್ದರಿಂದ ಎದುರುದಾರನ ಜಾಗದಲ್ಲಿ 'ಅಶೋಕ್ ಕುಮಾರ್' ಅಂತ ಬರೆಯುತ್ತಾರೆ. ಇಂಥ ಮನುಷ್ಯ ಇಲ್ಲ. ನಮ್ಮ ಭಾಷೆಯಲ್ಲಿ 'ಯಾರೋ ಒಬ್ಬ' ಅಂತ ಅರ್ಥ.

ಆ ಆದೇಶ ಹಿಡಿದು ಇಂಟರ್‌ನೆಟ್ ಕಂಪನಿಗಳು ಕದ್ದ ಸಿನಿಮಾದ ಕೊಂಡಿಗಳ ಜೊತೆಗೆ ಇಡೀ ಜಾಲತಾಣಗಳನ್ನೇ ಮುಚ್ಚಿದವು. ವಿಮಿಯೊ, ಡೈಲಿಮೋಷನ್‌ನಂಥ ತಾಣಗಳಲ್ಲಿ ತಮ್ಮದೇ ವಿಡಿಯೊ ಇಟ್ಟಿದ್ದವರಿಗೂ ಬಾಗಿಲು ಬಂದ್. ಅವರಿಗೆ ನೋಟಿಸ್ ಇಲ್ಲ, ಅವರ ಮಾತು ಕೇಳಿದವರಿಲ್ಲ. ಅದೇ ಜೂನ್‌ನಲ್ಲಿ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಯುವಕರು ಮುಖವಾಡ ಹಾಕಿಕೊಂಡು ಪ್ರತಿಭಟಿಸಿದರು. ನಂತರ ಹೈಕೋರ್ಟೇ, ಕದ್ದ ವಿಡಿಯೊ ಇರುವ ನಿರ್ದಿಷ್ಟ ಕೊಂಡಿಯನ್ನು ಮಾತ್ರ ತಡೆಯಿರಿ, ಇಡೀ ತಾಣವನ್ನಲ್ಲ ಎಂದು ಸ್ಪಷ್ಟಪಡಿಸಿತು.

ಅದೇ ವರ್ಷದ ಜನವರಿ 18ರಂದು ಅಮೆರಿಕದ ಪೈರಸಿ ಮಸೂದೆಗಳನ್ನು ವಿರೋಧಿಸಿ ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಪೂರ್ತಿ ಕತ್ತಲು ಮಾಡಿಕೊಂಡಿತ್ತು. ಕೆಲವೇ ದಿನದಲ್ಲಿ ಆ ಮಸೂದೆಗಳನ್ನು ಬದಿಗಿಟ್ಟರು. ಅಲ್ಲಿ ಮಸೂದೆಯನ್ನು ಜನ ಮೊದಲೇ ಓದಿದ್ದರು, ಶಾಸಕರಿಗೆ ಫೋನ್ ಮಾಡಿದ್ದರು. ನಮ್ಮಲ್ಲಿ ಎಷ್ಟೋ ಸಲ ಕಾನೂನು ಬಂದಿದ್ದೇ ಬಂಧನದ ಸುದ್ದಿ ಓದಿದ ಮೇಲೆ ಗೊತ್ತಾಗುತ್ತದೆ.

ಸುಳ್ಳು ಸುದ್ದಿಯ ಬೆಂಕಿ ನಿಜವೇ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2009ರಿಂದ ಜಾರಿಯಲ್ಲಿತ್ತು. 'ಕಿರಿಕಿರಿ' ಉಂಟುಮಾಡುವ ಸಂದೇಶ ಕಳಿಸಿದರೂ 3 ವರ್ಷ ಜೈಲು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಒಬ್ಬ ಹುಡುಗಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು, ಇಬ್ಬರೂ ಬಂಧನವಾದರು. ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಆ ಕಲಮೇ ರದ್ದಾಯಿತು. ಆದರೂ ಪೊಲೀಸರು ಅದರಡಿ ಕೇಸು ಹಾಕುವುದು ನಿಲ್ಲಲಿಲ್ಲ. ನಿಲ್ಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು.

ಹಾಗಂತ ಸುಳ್ಳು ಸುದ್ದಿ ಸಣ್ಣ ವಿಷಯ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಮ್ಮ ರಾಜ್ಯದಲ್ಲಿ ಜೀವ ತೆಗೆದಿದೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂಲಿಗೆ ಬಂದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ, ಅದೇ ರೀತಿ ಸತ್ತರು. ಆ ಮನೆಗಳವರ ಮುಂದೆ ನಿಂತು ವಾಕ್ ಸ್ವಾತಂತ್ರ್ಯದ ಭಾಷಣ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಆದರೆ ಕೊಂದವರ ಮೇಲೆ ಕೊಲೆ ಕೇಸು ಹಾಕಲು ಆಗಲೂ ಕಾನೂನು ಇತ್ತು. ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲು ಆಗದಂತೆ ವಾಟ್ಸಾಪ್ ಅದೇ ತಿಂಗಳು ಮಿತಿ ಹಾಕಿತು. ಯಾರ ಬಾಯಿಯನ್ನೂ ಕಟ್ಟದೆ, ಸುದ್ದಿ ಓಡುವ ವೇಗ ಮಾತ್ರ ತಗ್ಗಿಸಿದ ಕ್ರಮ ಅದು. ಹೊಸ ಜೈಲು ಶಿಕ್ಷೆ ಬರೆಯುವ ಮೊದಲು ಇಂಥ ದಾರಿಗಳನ್ನು ಹುಡುಕಬೇಕು.

ಪುಸ್ತಕಕ್ಕೊಂದು ನ್ಯಾಯ, ಮೊಬೈಲಿಗೊಂದು ನ್ಯಾಯ

ನಮ್ಮ ಪ್ರಕಾರ ಇಡೀ ಕಥೆಯ ಗಂಟು ಇರುವುದು ಇಲ್ಲಿ.

ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಾದರೆ ಪ್ರಕಟಣೆ ಹೊರಡಿಸಬೇಕು, ಅದರಲ್ಲಿ ಕಾರಣ ಬರೆಯಬೇಕು. ಸಂಬಂಧಪಟ್ಟವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಅದನ್ನು ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಬಸವಣ್ಣನವರ ವಚನಗಳ ಅಂಕಿತ ಬದಲಿಸಿ ಮಾತೆ ಮಹಾದೇವಿ ಪ್ರಕಟಿಸಿದ 'ಬಸವ ವಚನ ದೀಪ್ತಿ'ಯನ್ನು 1998ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದಾಗ ಹೀಗೇ ಆಯಿತು. ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ವಾದ ನಡೆದು 2017ರಲ್ಲಿ ನಿಷೇಧ ಎತ್ತಿಹಿಡಿಯಲಾಯಿತು. ತೀರ್ಪು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಏನು ನಿಷೇಧವಾಯಿತು, ಯಾಕೆ ಆಯಿತು ಎಂಬುದು ಊರಿಗೆಲ್ಲ ಗೊತ್ತು. ಜಗಳ ಬಯಲಲ್ಲಿ ನಡೆಯಿತು.

ಇಂಟರ್‌ನೆಟ್ಟಿನಲ್ಲಿ ಹಾಗಿಲ್ಲ. 69ಎ ಕಲಮಿನಡಿ ಕೇಂದ್ರ ಸರ್ಕಾರ ಒಂದು ಪೋಸ್ಟನ್ನೋ ಖಾತೆಯನ್ನೋ ತಡೆಯಬಹುದು. ಅದಕ್ಕೆ ಸಮಿತಿ ಇದೆ, ಕಾರಣ ಬರೆದಿಡಬೇಕು ಎಂಬ ನಿಯಮವೂ ಇದೆ. ಆದರೆ 2009ರ ನಿಯಮಗಳ 16ನೇ ನಿಯಮ ಇದನ್ನೆಲ್ಲ ಗುಟ್ಟಾಗಿಡಬೇಕು ಅನ್ನುತ್ತದೆ. ಬೀಗ ಬಿದ್ದ ಮನೆಯವನಿಗೇ ಎಷ್ಟೋ ಸಲ ಕಾರಣ ತಿಳಿಯುವುದಿಲ್ಲ.

ಈ ಜಗಳ ನಮ್ಮ ಕರ್ನಾಟಕ ಹೈಕೋರ್ಟಿಗೂ ಬಂದಿದೆ. ಟ್ವಿಟರ್ ಕಂಪನಿಯ ಅರ್ಜಿಯನ್ನು 2023ರ ಜೂನ್ 30ರಂದು ಕೋರ್ಟ್ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಎಕ್ಸ್ ಅಂತ ಹೆಸರು ಬದಲಿಸಿಕೊಂಡ ಅದೇ ಕಂಪನಿ, ಅಧಿಕಾರಿಗಳು ನೇರವಾಗಿ ತೆಗೆಯುವ ಸೂಚನೆ ಕಳಿಸುವ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಅದೂ ವಜಾ ಆಯಿತು. ಸಾಮಾಜಿಕ ಜಾಲತಾಣಗಳಿಗೆ ಲಗಾಮು ಬೇಕು ಎಂಬುದು ಕೋರ್ಟಿನ ನಿಲುವು. ವಿದೇಶಿ ಕಂಪನಿ ಗೆದ್ದರೂ ಸೋತರೂ ನಮಗೇನು ಅನ್ನಬಹುದು. ಆದರೆ ಆ ಮನೆಯಲ್ಲಿ ಬಾಡಿಗೆಗೆ ಇರುವವರು ನಾವು. ಮನೆ ಮಾಲೀಕನಿಗೆ ನೋಟಿಸ್ ಹೋಗುತ್ತದೆ, ಸಾಮಾನು ಹೊರಗೆ ಬೀಳುವುದು ನಮ್ಮದು.

ಇನ್ನು ರಾಜ್ಯದ ಸುಳ್ಳು ಸುದ್ದಿ ಮಸೂದೆಯ ಕರಡು. ಅದರಲ್ಲಿ ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇತ್ತು. ಆರು ಜನರ ಪ್ರಾಧಿಕಾರ, ಅದಕ್ಕೆ ಮಂತ್ರಿಯೇ ಅಧ್ಯಕ್ಷರು. ಅಭಿಪ್ರಾಯ, ಪ್ರವಚನ, ಅಣಕಕ್ಕೆ ವಿನಾಯಿತಿಯೂ ಇತ್ತು ಎಂಬುದನ್ನು ಹೇಳಲೇಬೇಕು. ವಿರೋಧ ಬಂದ ಮೇಲೆ ಅದು ಅಂತಿಮ ರೂಪ ಅಲ್ಲ ಎಂದು ಸರ್ಕಾರದ ಕಡೆಯಿಂದ ಹೇಳಿದರು.

ನಮ್ಮ ಆತಂಕ ಸರಳ. ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ರಾತ್ರಿ ಹತ್ತಕ್ಕೆ ಊರಿನವರು ವಿಡಿಯೊ ಹಾಕುತ್ತಾರೆ ಅಂದುಕೊಳ್ಳಿ. ಏರಿ ಭದ್ರವಾಗಿದೆ, ಇದು ಸುಳ್ಳು ಸುದ್ದಿ ಅಂತ ಬೆಳಗ್ಗೆ ಕಚೇರಿಯಿಂದ ಪ್ರಕಟಣೆ ಬಂದರೆ ಯಾರ ಮಾತು ನಿಲ್ಲಬೇಕು? ಕೆಲಸ ಮಾಡಿಸಿದವರೇ, ಬಿರುಕು ಇದೆಯೋ ಇಲ್ಲವೋ ಅಂತಲೂ ತೀರ್ಪು ಕೊಟ್ಟರೆ ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಹೇಳಿದಂತೆ. ಕೇಂದ್ರ ಸರ್ಕಾರ ತನ್ನ ವ್ಯವಹಾರದ ಬಗ್ಗೆ ಸುಳ್ಳು ಯಾವುದು ಅಂತ ತಾನೇ ಗುರುತಿಸುವ ಘಟಕ ಮಾಡಲು ಹೊರಟಾಗ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತ್ತು. ರಾಜ್ಯದ ಕರಡು ಬರೆಯುವವರು ಆ ತೀರ್ಪನ್ನು ಒಮ್ಮೆ ಓದಬೇಕು.

ನಾವು ಕೇಳುವುದು ಇಷ್ಟು

ಮೊದಲನೆಯದು, ಏನನ್ನಾದರೂ ತೆಗೆಸಿದರೆ ಹಾಕಿದವರಿಗೆ ಬರಹದಲ್ಲಿ ಕಾರಣ ಕೊಡಬೇಕು, ಕನ್ನಡದಲ್ಲಿ ಕೊಡಬೇಕು. ಎರಡನೆಯದು, ಕೊನೆಯ ಮಾತು ಮಂತ್ರಿಯದ್ದಾಗಲಿ, ಕಂಪನಿಯ ಯಂತ್ರದ್ದಾಗಲಿ ಆಗಬಾರದು. ನ್ಯಾಯಾಧೀಶರ ಮುಂದೆ ಹೋಗುವ ದಾರಿ ಜಿಲ್ಲಾ ಮಟ್ಟದಲ್ಲೇ ಸಿಗಬೇಕು, ಹೈಕೋರ್ಟಿಗೆ ಬೆಂಗಳೂರಿಗೆ ಅಲೆಯಲು ಎಲ್ಲರಿಗೂ ಆಗುವುದಿಲ್ಲ. ಮೂರನೆಯದು, ಸುಳ್ಳು ಅಂತ ಗೊತ್ತಿದ್ದೂ ದುಡ್ಡಿಗೆ, ದ್ವೇಷಕ್ಕೆ ಹಬ್ಬಿಸುವವನನ್ನೂ, ನಂಬಿ ಮುಂದೆ ಕಳಿಸಿದ ಅಜ್ಜಿಯನ್ನೂ ಕಾನೂನು ಬೇರೆ ಬೇರೆ ಮಾಡಿ ನೋಡಬೇಕು.

ನಾಲ್ಕನೆಯದು, ಬೇಲಿ ದೊಡ್ಡ ಜಮೀನಿಗೆ ಮಾತ್ರ ಇದ್ದರೆ ಸಾಲದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದವರು. ಅಂಥ ಹಾಡುಗಾರರು ಈಗಲೂ ಹಟ್ಟಿಗಳಲ್ಲಿ ಇದ್ದಾರೆ. ಹಾಡುವವರ ಒಪ್ಪಿಗೆ ಇಲ್ಲದೆ ಅವರ ಹಾಡನ್ನು ರೆಕಾರ್ಡ್ ಮಾಡಿ ದುಡ್ಡು ಮಾಡುವಂತಿಲ್ಲ ಎಂದು 1994ರ ತಿದ್ದುಪಡಿಯಿಂದ ಕಾಯ್ದೆಯಲ್ಲೇ ಇದೆ. ಮೊಬೈಲ್ ಹಿಡಿದು ಬಂದು ಸೋಬಾನೆ ಪದ ತುಂಬಿಕೊಂಡು ಹೋಗುವವರು ಆ ಅಜ್ಜಿಯರ ಹೆಸರನ್ನಾದರೂ ಹಾಕುತ್ತಾರೆಯೇ? ಅವರ ಪರವಾಗಿ ಯಾರಾದರೂ ದೂರು ಕೊಟ್ಟ ದಿನ ಈ ಕಾನೂನು ಹಳ್ಳಿಗೂ ಬಂತು ಅನ್ನಬಹುದು.

ನಮ್ಮ ಕೈಯಲ್ಲಿ ಇರುವ ಕೆಲಸವೂ ಇದೆ. ಬಂದ ಸಂದೇಶವನ್ನು ಕಳಿಸುವ ಮೊದಲು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಬಹುದು. ಬರೆದವರ ಹೆಸರನ್ನು ಅಳಿಸದೆ ಹಂಚಬಹುದು. ಊರಿಗೆ ಬರುವ ಶಾಸಕರನ್ನು ರಸ್ತೆ, ಚರಂಡಿ ಕೇಳುವ ಹಾಗೆ, ಆ ಮಸೂದೆ ಎಲ್ಲಿಗೆ ಬಂತು, ನೀವು ಓದಿದ್ದೀರಾ ಅಂತಲೂ ಕೇಳಬಹುದು.

ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಟೆಂಡರ್, ಹರಾಜು, ಮತದಾರರ ಪಟ್ಟಿ ಅಂಟಿಸುತ್ತಾರೆ. ಹಳ್ಳಿಯವರನ್ನೂ ಜೈಲಿಗೆ ಕಳಿಸಬಹುದಾದ ಮಸೂದೆಯ ಕರಡನ್ನೂ, ಸದನಕ್ಕೆ ಹೋಗುವ ಮೊದಲು, ಸರಳ ಕನ್ನಡದಲ್ಲಿ ಅಲ್ಲಿ ಅಂಟಿಸಲಿ. ಒಂದು ತಿಂಗಳು ಇರಲಿ. ಅದರ ನಕಲು ಕೇಳಿದವರಿಗೆ ನಕಲು ಕೊಡಲಿ.